ರೂಟರ್ ಸ್ಕ್ರಿಪ್ಟ್ ಹಗುರ ಮಾಡುವ ಕೆಲಸ: ಸದ್ಯ ಎಲ್ಲಿಗೆ ಬಂತು

ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗಳಿಗೆಂದೇ ಇರುವ ಮುಕ್ತ ಆಪರೇಟಿಂಗ್ ಸಿಸ್ಟಂ) ಓಡುವ ರೂಟರ್‌ಗೆ ನಾನು ಬರೆದ ಸ್ಕ್ರಿಪ್ಟ್‌ಗೆ ಶುರುವಿನಲ್ಲಿ ಇದ್ದದ್ದು ಒಂದೇ ಕೆಲಸ. ಮನೆಯ ಯಾವ ಸಾಧನ ಎಷ್ಟು ಡೇಟಾ ಬಳಸಿತು ಅಂತ ಲೆಕ್ಕ ಇಡುವುದು. ಆಮೇಲೆ ಒಂದೊಂದಾಗಿ ಸೇರಿಕೊಂಡವು: ಜಾಹೀರಾತು ತಡೆ, ಸ್ಪೀಡ್ ಟೆಸ್ಟ್, ಗ್ರಾಫ್ ಪುಟ, ಫೋನಿಗೆ ಅಲರ್ಟ್. ಬಳಸುವವರು ಕೇಳಿದ್ದೇ ಎಲ್ಲವೂ, ಬೇಕಾದದ್ದೇ. ಆದರೆ 128 ಎಂಬಿ ರ‍್ಯಾಮ್ ಇರುವ ಪೆಟ್ಟಿಗೆಯ ಅಸಲು ಕೆಲಸ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಹೋಗುವ ಡೇಟಾದ ತುಣುಕು) ಸಾಗಿಸುವುದು, ಅಲ್ವಾ? ಅದಕ್ಕೆ ಅಡ್ಡ ಬರುವುದು ಯಾವುದೂ ಉಳಿಯಬಾರದು ಅಂತ ಈ ಸಲ ಕೂತಿದ್ದೇನೆ.

ಮೊದಲು ಕೈ ಹಾಕಿದ್ದು ಲೆಕ್ಕದ ಲೂಪ್‌ಗೆ. ಶೆಲ್‌ನಲ್ಲಿ ಗ್ರೆಪ್, ಕಟ್, ಸೆಡ್ ಅಂತ ಪಠ್ಯ ಹುಡುಕಿ ಕತ್ತರಿಸುವ ಸಣ್ಣ ಕಮಾಂಡ್‌ಗಳನ್ನು ಒಂದಕ್ಕೊಂದು ಜೋಡಿಸಿ ಪೈಪ್ ಹಾಕುತ್ತಾ ಹೋದರೆ ಒಂದೊಂದಕ್ಕೂ ಹೊಸ ಪ್ರಾಸೆಸ್ ಹುಟ್ಟುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ರೂಟರ್‌ನ ಸಣ್ಣ ಸಿಪಿಯುಗೆ ಗೊತ್ತಾಗುತ್ತದೆ. 20 ಸಾಧನಗಳಿದ್ದು, ಪ್ರತಿಯೊಂದಕ್ಕೂ ಈ ಮೂರೂ ಓಡಿದರೆ ಸುತ್ತಿಗೆ 60 ಪ್ರಾಸೆಸ್. ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸೌಲಭ್ಯ) ನಿಮಿಷಕ್ಕೊಮ್ಮೆ ಓಡಿಸಿದರೆ ಗಂಟೆಗೆ 3,600. ಈಗ ಆಕ್ ಅನ್ನುವ ಒಂದೇ ಕಮಾಂಡ್ ಇಡೀ ಪಟ್ಟಿಯನ್ನು ಒಂದೇ ಸಲ ಓದಿ ಮುಗಿಸುತ್ತದೆ. ಹಿಂದಿನ ಸುತ್ತು ಮುಗಿಯದೆ ಮುಂದಿನದು ಶುರುವಾಗದಂತೆ ಲಾಕ್ ಫೈಲ್ ಕೂಡ ಇಟ್ಟಿದ್ದೇನೆ. ಯಾವ ಪ್ರಾಸೆಸ್ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಟಾಪ್ ತೆರೆದರೆ ಸ್ಕ್ರಿಪ್ಟ್ ಮೇಲಿನ ಸಾಲುಗಳಲ್ಲಿ ಕಾಣುವುದೇ ಇಲ್ಲ. ತುಂಬಾ ಖುಷಿಯಾಯಿತು.

ಲೆಕ್ಕದ ಫೈಲ್ ಈಗ ಟೆಂಪ್ ಫೋಲ್ಡರ್‌ನಲ್ಲಿದೆ, ಅಂದರೆ ರ‍್ಯಾಮ್‌ನಲ್ಲಿ. ದಿನಕ್ಕೊಮ್ಮೆ ಮಾತ್ರ ಫ್ಲ್ಯಾಶ್‌ಗೆ, ಅಂದರೆ ರೂಟರ್‌ನ ಕಾಯಂ ಮೆಮೊರಿಗೆ, ಬರೆಯುತ್ತದೆ. ನಡುವೆ ಕರೆಂಟ್ ಹೋದರೆ ಅಂದಿನ ಲೆಕ್ಕ ಹೋಗುತ್ತದೆ, ನಿಜ. ನಿಮಿಷ ನಿಮಿಷಕ್ಕೂ ಬರೆದು ಫ್ಲ್ಯಾಶ್ ಸವೆಸುವುದಕ್ಕಿಂತ ಅದೇ ವಾಸಿ.

ಸ್ಪೀಡ್ ಟೆಸ್ಟ್ ತೆಗೆದುಬಿಟ್ಟೆ. ರೂಟರ್ ಮೇಲೇ ಓಡಿಸಿದರೆ ಎಷ್ಟೋ ಸಲ ಸಿಪಿಯು ಮೊದಲು ಸುಸ್ತಾಗುತ್ತದೆ. ಸಿಗುವ ಅಂಕಿ ಲೈನಿನದಲ್ಲ, ಸಿಪಿಯುವಿನದು. ಜಾಹೀರಾತು ತಡೆಯೂ ಹೋಯಿತು. ತಡೆಯಬೇಕಾದ ಸೈಟ್‌ಗಳ ದೊಡ್ಡ ಪಟ್ಟಿಯನ್ನು ಡಿಎನ್ಎಸ್‌ಮಾಸ್ಕ್ (ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಪ್ರೋಗ್ರಾಂ) ಮೆಮೊರಿಯಲ್ಲೇ ಇಟ್ಟುಕೊಳ್ಳಬೇಕು. ಆ ಕೆಲಸಕ್ಕೆ ಬೇರೆ ಪ್ಯಾಕೇಜ್‌ಗಳೇ ಇವೆ, ಬೇಕಾದವರು ಹಾಕಿಕೊಳ್ಳಬಹುದು. ಗ್ರಾಫ್ ಉಳಿದಿದೆ, ಆದರೆ ರೂಟರ್ ಬರೀ ಟೆಕ್ಸ್ಟ್ ಫೈಲ್ ಕೊಡುತ್ತದೆ, ಚಿತ್ರ ಬಿಡಿಸುವುದು ಬ್ರೌಸರ್.

ಬಿಡಿಸಲಾಗದೆ ಉಳಿದದ್ದು ಫ್ಲೋ ಆಫ್‌ಲೋಡಿಂಗ್. ಅದು ಆನ್ ಇದ್ದರೆ ಶುರುವಾದ ಸಂಪರ್ಕದ ಪ್ಯಾಕೆಟ್‌ಗಳು ಫೈರ್‌ವಾಲ್‌ನ ಫಾರ್ವರ್ಡ್ ನಿಯಮಗಳನ್ನು ದಾಟದೆ ನೇರ ಹೋಗುತ್ತವೆ. ವೇಗ ಜಾಸ್ತಿ, ಆದರೆ ನನ್ನ ಕೌಂಟರ್‌ಗೆ ಅವು ಕಾಣುವುದಿಲ್ಲ. ಲೆಕ್ಕಕ್ಕೋಸ್ಕರ ಸ್ಕ್ರಿಪ್ಟ್ ತಾನಾಗಿ ಅದನ್ನು ಆಫ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಸದ್ಯಕ್ಕೆ ಇನ್‌ಸ್ಟಾಲ್ ಮಾಡುವಾಗಲೇ ಕೇಳುತ್ತದೆ: ವೇಗ ಬೇಕಾ, ಪೂರ್ತಿ ಲೆಕ್ಕ ಬೇಕಾ. ಓಪನ್‌ಡಬ್ಲ್ಯೂಆರ್‌ಟಿಯ 22.03 ಆವೃತ್ತಿಯಿಂದ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ಗೆ (ಲಿನಕ್ಸ್‌ನ ಹೊಸ ಪ್ಯಾಕೆಟ್ ನಿಯಮ ವ್ಯವಸ್ಥೆ) ಬಂದಿದೆ. ಅದರ ಫ್ಲೋಟೇಬಲ್‌ಗೆ, ಅಂದರೆ ಆಫ್‌ಲೋಡ್ ಆದ ಸಂಪರ್ಕಗಳ ಪಟ್ಟಿಗೆ, ಕೌಂಟರ್ ಆಯ್ಕೆ ಇದೆ. ಆಫ್‌ಲೋಡ್ ಆದ ಪ್ಯಾಕೆಟ್‌ಗಳ ಲೆಕ್ಕವನ್ನು ಅಲ್ಲಿಂದ ಪಡೆಯುವ ಕೆಲಸ ಶುರು ಮಾಡಿದ್ದೇನೆ. ಅಲರ್ಟ್ ಭಾಗವನ್ನು ಅದು ಮುಗಿದ ಮೇಲೆ ಮುಟ್ಟುತ್ತೇನೆ.