ಅಜ್ಜಿಯ ತಕಲಿ, ನಮ್ಮ ಅಲ್ಪಾಕಾ

ಡಿಸೆಂಬರ್ ರಜೆಗೆ ಉಡುಪಿಗೆ ಬಂದಿದ್ದೇವೆ. ಬಂದ ದಿನವೇ ಪಕ್ಕದ ಮನೆಯ ದೊಡ್ಡಮ್ಮ ಕೇಳಿದರು, "ನೀವಿಬ್ರೂ ಅಲ್ಲಿ ಒಂಟೆ ಸಾಕ್ತೀರಂತೆ, ಹೌದಾ ಮಾರಾಯ್ತಿ?"

ಪೂರ್ತಿ ಸುಳ್ಳಲ್ಲ. ಅಲ್ಪಾಕಾ ಒಂಟೆಯ ಕುಟುಂಬಕ್ಕೇ ಸೇರಿದ ಪ್ರಾಣಿ. ಮೂಲ ಪೆರು, ಬೊಲಿವಿಯಾ ಕಡೆಯ ಆಂಡಿಸ್ ಬೆಟ್ಟಗಳು. ಡುಬ್ಬ ಮಾತ್ರ ಇಲ್ಲ.

ನಾವಿರುವುದು ನ್ಯೂಜಿಲೆಂಡಿನ ಕ್ಯಾಂಟರ್ಬರಿಯಲ್ಲಿ. ಕೊಂಡ ಮನೆಯ ಜೊತೆಗೆ ಐದು ಎಕರೆ ಹುಲ್ಲು ಬಂತು. ದನದ ಹಟ್ಟಿ ನೋಡಿಕೊಂಡೇ ಬೆಳೆದ ನಮ್ಮವರಿಗೆ ಅಷ್ಟು ಹುಲ್ಲು ಸುಮ್ನೆ ಒಣಗುವುದನ್ನು ನೋಡಲಾಗಲಿಲ್ಲ. ದನ ತಂದರೆ ದಿನಾ ಎರಡು ಹೊತ್ತು ಕರೆಯಬೇಕು, ಇಬ್ಬರಿಗೂ ಕೆಲಸ. ಅಷ್ಟರಲ್ಲಿ ಹತ್ತಿರದ ರೈತರೊಬ್ಬರು ಅಲ್ಪಾಕಾ ಮಾರುತ್ತಿದ್ದರು. ಒಂದು ಸಾಕು ಅಂದೆವು. ಒಂದನ್ನೇ ಕೊಡುವುದಿಲ್ಲ ಅಂದರು. ಹಿಂಡಿನ ಪ್ರಾಣಿ, ಒಂಟಿಯಾದರೆ ಕೊರಗುತ್ತದೆ. ಮೂರು ತಂದೆವು, ಈಗ ಒಂಬತ್ತಿವೆ. ಎಲ್ಲವೂ ಒಂದೇ ಮೂಲೆಯಲ್ಲಿ ಹಿಕ್ಕೆ ಹಾಕುತ್ತವೆ. ಬಾಚಿ ತರಕಾರಿ ಗಿಡಕ್ಕೆ ಹಾಕುವುದು ಎಷ್ಟು ಸುಲಭ!

ಮೊದಲ ಹೆರಿಗೆ ಮರೆಯುವ ಹಾಗಿಲ್ಲ. ಹನ್ನೊಂದು ತಿಂಗಳು ದಾಟಿ, ಒಂದು ಬೆಳಿಗ್ಗೆ ಮರಿ ನೆಲಕ್ಕೆ ಬಿತ್ತು. ತಾಯಿ ನೆಕ್ಕಲೇ ಇಲ್ಲ. ಮೂಗು ತಾಗಿಸಿ, ಹ್ಮ್ ಹ್ಮ್ ಎಂದು ಗುನುಗುತ್ತಾ ನಿಂತಿತು. ದನ ಕರುವನ್ನು ನೆಕ್ಕದಿದ್ದರೆ ಊರಲ್ಲಿ ಮನೆಯವರಿಗೆಲ್ಲ ಗಾಬರಿ, ಅಲ್ವಾ? ಇವರು ಟವೆಲ್ ಹಿಡಿದು ಓಡಿದರು, ನಾನು ಡಾಕ್ಟರಿಗೆ ಫೋನ್ ಮಾಡಿದೆ. ಅಲ್ಪಾಕಾ ಮರಿಯನ್ನು ನೆಕ್ಕುವುದೇ ಇಲ್ಲವಂತೆ. ಬಿಸಿಲು ಗಾಳಿಗೆ ಮೈ ಒಣಗಬೇಕು, ಹೆರಿಗೆಯೂ ಹೆಚ್ಚಾಗಿ ಹಗಲಲ್ಲೇ. ಸ್ವಲ್ಪ ಹೊತ್ತಿಗೆ ಮರಿ ನಡುಗುವ ಕಾಲಲ್ಲಿ ಎದ್ದು ಮೊಲೆ ಹುಡುಕಿತು. ಇವರು ಟವೆಲ್ ಹಿಡಿದುಕೊಂಡೇ ಕಣ್ಣೊರೆಸಿಕೊಂಡರು.

ಉಣ್ಣೆ ಕತ್ತರಿಸುವುದು ವರ್ಷಕ್ಕೊಮ್ಮೆ, ಅಲ್ಲಿ ಬೇಸಿಗೆ ಶುರುವಾಗುವ ಮುಂಚೆ. ಒಂದೊಂದು ಅಲ್ಪಾಕಾದಿಂದ ಎರಡು ಮೂರು ಕಿಲೋ ಸಿಗುತ್ತದೆ. ಬೆನ್ನಿನದು ನಯ, ಕಾಲಿನದು ಒರಟು. 1934ರಲ್ಲಿ ಶುರುವಾದ ಆಶ್‌ಫರ್ಡ್ ಕಂಪನಿ ನಮ್ಮ ಸೀಮೆಯ ಆಶ್‌ಬರ್ಟನ್ ಊರಿನಲ್ಲೇ ಇದೆ. ಅವರ ನೂಲುವ ಚಕ್ರ ತಂದೆ, ಕಾಲಲ್ಲಿ ತುಳಿಯುವಂಥದ್ದು. ವಾರಗಟ್ಟಲೆ ನೂಲು ಕಡಿಯುತ್ತಲೇ ಇತ್ತು. ಕುರಿ ಉಣ್ಣೆಯಲ್ಲಿರುವ ಜಿಡ್ಡು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎಳೆ ಜಾರುತ್ತದೆ. ಹುರಿ, ಅಂದರೆ ಎಳೆಗೆ ಬೀಳುವ ತಿರುವು, ಸಾಲದಿದ್ದರೆ ಕೈಯಲ್ಲೇ ಬಿಟ್ಟುಕೊಳ್ಳುತ್ತದೆ.

ಒಂದು ದಿನ ವಿಡಿಯೋ ಕಾಲಿನಲ್ಲಿ ಅಜ್ಜಿಗೆ ತೋರಿಸಿದೆ. ಶಾಲೆಯಲ್ಲಿ ತಕಲಿ ಹಿಡಿದು ಹತ್ತಿ ನೂತವರು ಅವರು. "ಎಳೆಯುವ ಅವಸರ ಯಾಕೆ? ಹುರಿ ಬೆರಳಿನ ಹತ್ರ ಬರ್ಲಿ, ಆಮೇಲೆ ಬಿಡು" ಅಂದರು. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಹಿಡಿದು ಕಾದೆ. ಇರುವೆ ಹರಿದ ಹಾಗೆ ಹುರಿ ಬಂದು ಬೆರಳಿಗೆ ತಾಗಿತು. ಆ ಸಂಜೆ ನೂಲು ಕಡಿಯಲಿಲ್ಲ.

ಈ ಸಲ ತೊಳೆದ ಕಂದು ಉಣ್ಣೆ ಒಂದು ಚೀಲ ತಂದಿದ್ದೇನೆ. ಉಡುಪಿಯ ಸೆಕೆಯಲ್ಲಿ ಅಲ್ಪಾಕಾ ಶಾಲು ಯಾರಿಗೂ ಬೇಡ. ಆದರೆ ಅಜ್ಜಿ ಬೆಳಿಗ್ಗೆ ಗಂಜಿ ಉಂಡು ಜಗಲಿಯಲ್ಲಿ ತಕಲಿ ಹಿಡಿದು ಕೂತರೆ ಏಳುವುದೇ ಇಲ್ಲ. "ಹತ್ತಿಗಿಂತ ಎಷ್ಟು ಉದ್ದ ಎಳೆ!" ಅನ್ನುತ್ತಾರೆ. ಮುಂದಿನ ಸಲ ಕಪ್ಪು ತರಬೇಕಂತೆ. ನಮ್ಮ ಹಿಂಡಿನಲ್ಲಿ ಕಪ್ಪು ಇರುವುದು ಒಂದೇ. ಅದರ ಬೆನ್ನಿನ ಉಣ್ಣೆ ಅಜ್ಜಿಗೇ ಎತ್ತಿಡಬೇಕು.