ಒಂದೇ ಮಂಡಕ್ಕಿ ಆಟ, ನಾಲ್ಕು ಸಾಫ್ಟ್‌ವೇರ್

ಕೋಡ್ ಬರೆಯಲು ಬಾರದವರೂ ಗೇಮ್ ಮಾಡಬಹುದು ಎಂದು ಹೇಳಿಕೊಳ್ಳುವ ಸಾಫ್ಟ್‌ವೇರ್‌ಗಳು ಈಗ ಹತ್ತಾರಿವೆ. ದಾವಣಗೆರೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಟ್ಯಾಲಿ ಮತ್ತು ಎಕ್ಸೆಲ್ ಚೆನ್ನಾಗಿ ಗೊತ್ತು. ಅದರಾಚೆಗೆ ಪ್ರೋಗ್ರಾಮಿಂಗ್ ಎಂಬುದನ್ನು ಎಲ್ಲಿಯೂ ಕ್ರಮವಾಗಿ ಕಲಿತವನಲ್ಲ. ಅಂತರ್ಜಾಲದಲ್ಲಿ ಸಿಗುವ ಹೋಲಿಕೆಗಳು ಹೆಚ್ಚಾಗಿ ಯಾವುದರಲ್ಲಿ ಎಷ್ಟು ಸೌಲಭ್ಯಗಳಿವೆ ಎಂದು ಪಟ್ಟಿ ಮಾಡುತ್ತವೆಯೇ ಹೊರತು, ಹೊಸಬನೊಬ್ಬ ಕುಳಿತು ಕೆಲಸ ಶುರುಮಾಡಿದಾಗ ಎಲ್ಲಿ ತಡವರಿಸುತ್ತಾನೆ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಒಂದೇ ಒಂದು ಸಣ್ಣ ಆಟವನ್ನು ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ಮಾಡಿ ನೋಡಿ, ಅದರಿಂದ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಟ ಬಹಳ ಸರಳವಾದದ್ದು. ಭಟ್ಟಿಯ ಮೇಲಿನಿಂದ ಮಂಡಕ್ಕಿ ಉದುರುತ್ತದೆ, ಕೆಳಗೆ ಮೊರವೊಂದನ್ನು ಎಡಕ್ಕೂ ಬಲಕ್ಕೂ ಸರಿಸುತ್ತ ಅದನ್ನು ಹಿಡಿಯಬೇಕು, ನಡುನಡುವೆ ಬೀಳುವ ಹರಳನ್ನು ತಪ್ಪಿಸಿಕೊಳ್ಳಬೇಕು. ಹಿಡಿದ ಪ್ರತಿ ಮಂಡಕ್ಕಿಗೆ ಒಂದು ಅಂಕ, ಹರಳು ಮೊರಕ್ಕೆ ಬಿದ್ದರೆ ಒಂದು ಜೀವ ನಷ್ಟ, ಮೂರು ಜೀವ ಹೋದರೆ ಆಟ ಮುಗಿಯಿತು. ಈ ಸೀಮೆಯವರು ಗೇಮ್ ಮಾಡುತ್ತೇನೆಂದರೆ ಎಲ್ಲರೂ ಮೊದಲು ಸೂಚಿಸುವುದು ಚಿತ್ರದುರ್ಗದ ಕೋಟೆ ಮತ್ತು ಓಬವ್ವನ ಕಿಂಡಿಯನ್ನು. ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳುವ ಸೈನಿಕರು, ಒನಕೆಯ ಹೊಡೆತ; ಆಟಕ್ಕೆ ಹೇಳಿ ಮಾಡಿಸಿದ ಸನ್ನಿವೇಶವೇ ಸರಿ. ಆದರೆ ಒನಕೆ ಎತ್ತುವ, ಬೀಸುವ, ಸೈನಿಕ ಉರುಳುವ ಚಿತ್ರಗಳನ್ನೆಲ್ಲ ಒಂದೊಂದಾಗಿ ಬರೆಯುವವರು ಯಾರು? ಹೊಸಬರ ಮೊದಲ ಆಟ ನಿಂತುಹೋಗುವುದು ಹೆಚ್ಚಾಗಿ ಕೋಡಿನ ಬಳಿಯಲ್ಲ, ಚಿತ್ರಗಳ ಬಳಿ. ಮಂಡಕ್ಕಿಗೆ ಆ ತೊಂದರೆಯಿಲ್ಲ, ಫೋನಿನಲ್ಲಿ ಒಂದು ಕಾಳಿನ ಫೋಟೋ ತೆಗೆದು, ಹಿನ್ನೆಲೆ ಅಳಿಸಿ, ಅಳತೆ ಕುಗ್ಗಿಸಿದರೆ ಸಾಕು. ಬಿಳಿಯ ಕಾಳು ಎದ್ದು ಕಾಣಲೆಂದು ಹಿನ್ನೆಲೆಗೆ ಹೊಗೆ ಹಿಡಿದ ಭಟ್ಟಿಯ ಗೋಡೆಯ ಬಣ್ಣವನ್ನು ಕೊಟ್ಟೆ.

ಮೊದಲನೆಯದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಹೊರತಂದದ್ದು. ಮಕ್ಕಳ ಸಾಫ್ಟ್‌ವೇರ್ ಎಂದು ದೊಡ್ಡವರು ಇದನ್ನು ಬದಿಗಿಡುವುದುಂಟು, ಅದು ಸರಿಯಲ್ಲ. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸುತ್ತ ಹೋದರೆ ಅದೇ ಪ್ರೋಗ್ರಾಂ ಆಗುತ್ತದೆ. ಹೊಂದದ ತುಂಡುಗಳು ಒಂದಕ್ಕೊಂದು ಕೂರುವುದೇ ಇಲ್ಲವಾದ್ದರಿಂದ ಬರವಣಿಗೆಯ ತಪ್ಪು ಎಂಬ ಮಾತೇ ಇಲ್ಲಿಲ್ಲ. ಮಂಡಕ್ಕಿಯ ಒಂದು ಮೂಲ ಕಾಳನ್ನು ಮಾಡಿಟ್ಟು, ಅದರ ಪ್ರತಿಗಳು ಆಗಾಗ ಹುಟ್ಟುವಂತೆ ಹೇಳಿ, ಪ್ರತಿಯೊಂದು ಪ್ರತಿಯೂ ಅಡ್ಡ ಅಕ್ಷದಲ್ಲಿ ಎಲ್ಲಾದರೂ ಒಂದು ಕಡೆ ಮೇಲಿನಿಂದ ಶುರುವಾಗಿ ಸ್ವಲ್ಪಸ್ವಲ್ಪವೇ ಕೆಳಗಿಳಿಯುವಂತೆ ಜೋಡಿಸಿದರೆ ಅರ್ಧ ಆಟ ಸಿದ್ಧ. ಪರದೆಯ ನಟ್ಟನಡುವೆ ಸೊನ್ನೆ, ಎಡಕ್ಕೆ ಮೈನಸ್ 240, ಬಲಕ್ಕೆ 240, ಮೇಲೆ 180, ಕೆಳಗೆ ಮೈನಸ್ 180 ಎಂಬ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಉಳಿದದ್ದು ಸುಲಭ. ಒಂದು ವಸ್ತು ಇನ್ನೊಂದಕ್ಕೆ ತಾಗಿತೋ ಇಲ್ಲವೋ ಎಂಬುದನ್ನು ಸ್ಕ್ರ್ಯಾಚ್ ಚಿತ್ರದ ನಿಜವಾದ ಅಂಚನ್ನೇ ನೋಡಿ ನಿರ್ಧರಿಸುತ್ತದೆ, ಆದ್ದರಿಂದ ಅಂಕುಡೊಂಕಾದ ಮಂಡಕ್ಕಿ ಕಾಳು ಮೊರವನ್ನು ಮುಟ್ಟಿದಾಗಲೇ ಮಾಯವಾಗುತ್ತದೆ.

ಇದರ ಮಿತಿಗಳು ಆಟ ಮುಗಿದ ಮೇಲೆ ಕಾಣಿಸುತ್ತವೆ. ಪರದೆಯ ಅಳತೆ 480ಕ್ಕೆ 360, ಅಡ್ಡಲಾಗಿಯೇ ಇರುತ್ತದೆ; ಫೋನನ್ನು ನೆಟ್ಟಗೆ ಹಿಡಿದು ಆಡುವ ಆಟವನ್ನು ಇದರಲ್ಲಿ ಮಾಡಲಾಗದು. ಒಂದು ಸಲಕ್ಕೆ 300ಕ್ಕಿಂತ ಹೆಚ್ಚು ಪ್ರತಿಗಳು ಇರುವಂತಿಲ್ಲ, ಆದರೆ ಮಂಡಕ್ಕಿ ಆಟಕ್ಕೆ ಅಷ್ಟು ಬೇಕಾಗುವುದೂ ಇಲ್ಲ. ಮಾಡಿದ ಆಟವನ್ನು ಆಂಡ್ರಾಯ್ಡ್ ಆ್ಯಪ್ ಆಗಿ ಹೊರತೆಗೆಯುವ ದಾರಿ ಸ್ಕ್ರ್ಯಾಚ್‌ನಲ್ಲೇ ಇಲ್ಲ, ಬೇರೆಯವರು ಮಾಡಿಟ್ಟ ಉಪಕರಣಗಳನ್ನು ಹುಡುಕಿಕೊಂಡು ಹೋಗಬೇಕು. ಅವರ ತಾಣದಲ್ಲಿ ಹಂಚಿಕೊಂಡ ಆಟವನ್ನು ಯಾರು ಬೇಕಾದರೂ ಬಿಚ್ಚಿ ನೋಡಿ, ಬದಲಿಸಿ, ತಮ್ಮದನ್ನಾಗಿ ಮಾಡಿಕೊಳ್ಳಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅನುಕೂಲವಿಲ್ಲ.

ಎರಡನೆಯದಾದ ಜಿಡೆವಲಪ್ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ಕೊನೆಗೆ ನಾನು ಉಳಿದದ್ದು ಅದರಲ್ಲೇ. ಫ್ರಾನ್ಸಿನ ಫ್ಲೋರಿಯನ್ ರಿವಾಲ್ ಆರಂಭಿಸಿದ ಈ ಸಾಫ್ಟ್‌ವೇರ್ ಮುಕ್ತ ತಂತ್ರಾಂಶ. ಬ್ರೌಸರಿನಲ್ಲಿಯೂ ನಡೆಯುತ್ತದೆ, ಕಂಪ್ಯೂಟರಿಗೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡಬಹುದು. ಇಲ್ಲಿ ಜೋಡಿಸುವ ತುಂಡುಗಳಿಲ್ಲ. ಪರದೆಯ ಎಡಗಡೆ ಷರತ್ತು, ಬಲಗಡೆ ಆ ಷರತ್ತು ನಿಜವಾದರೆ ನಡೆಯಬೇಕಾದ ಕೆಲಸ. ಹೀಗೆ ಸಾಲು ಸಾಲಾಗಿ ಬರೆಯುತ್ತ ಹೋಗುವುದು. ಎಕ್ಸೆಲ್‌ನಲ್ಲಿ ಇಫ್ ಸೂತ್ರ ಬರೆದು ರೂಢಿಯಿರುವ ಯಾವ ಗುಮಾಸ್ತನಿಗೂ ಇದು ತನ್ನದೇ ಲೆಡ್ಜರಿನ ಹಾಗೆ ಕಾಣುತ್ತದೆ. ಮಂಡಕ್ಕಿ ಮೊರಕ್ಕೆ ತಾಗಿದರೆ ಎಂಬುದು ಎಡಕ್ಕೆ. ಮಂಡಕ್ಕಿಯನ್ನು ಅಳಿಸು, ಅಂಕಕ್ಕೆ ಒಂದು ಕೂಡಿಸು ಎಂಬುದು ಬಲಕ್ಕೆ.

ಈ ಒಂದು ಸಾಲಿನಲ್ಲೇ ಹೊಸಬರು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಪರದೆಯ ಮೇಲೆ ಒಂದೇ ಹೊತ್ತಿಗೆ ಹತ್ತು ಕಾಳುಗಳು ಬೀಳುತ್ತಿದ್ದರೂ, ಎಡಗಡೆಯ ಷರತ್ತು ಅವುಗಳಲ್ಲಿ ಮೊರಕ್ಕೆ ತಾಗಿದ ಕಾಳನ್ನು ಮಾತ್ರ ಆರಿಸಿ ಬಲಗಡೆಗೆ ದಾಟಿಸುತ್ತದೆ. ಆದ್ದರಿಂದ ಮಂಡಕ್ಕಿಯನ್ನು ಅಳಿಸು ಎಂದರೆ ತಾಗಿದ್ದೊಂದೇ ಅಳಿಯುತ್ತದೆ, ಉಳಿದ ಒಂಬತ್ತು ಬೀಳುತ್ತಲೇ ಇರುತ್ತವೆ. ಷರತ್ತು ಎಂಬುದು ಹೌದೋ ಅಲ್ಲವೋ ಎಂದು ಕೇಳುವ ಪ್ರಶ್ನೆ ಮಾತ್ರವಲ್ಲ, ಆಯ್ಕೆಯೂ ಹೌದು. ಇದು ಅರ್ಥವಾಗುವ ತನಕ ಜಿಡೆವಲಪ್ ವಿಚಿತ್ರವಾಗಿ ವರ್ತಿಸುವಂತೆ ತೋರುತ್ತದೆ, ಅರ್ಥವಾದ ಮೇಲೆ ಅದರ ಸಾಲುಗಳು ಕನ್ನಡದ ವಾಕ್ಯಗಳಷ್ಟೇ ಸಲೀಸಾಗಿ ಓದಿಸಿಕೊಳ್ಳುತ್ತವೆ. ಇನ್ನೊಂದು ಎಚ್ಚರಿಕೆ ಚಿತ್ರದ ಅಂಚಿನದು. ಇಲ್ಲಿ ತಾಗುವಿಕೆಯನ್ನು ಅಳೆಯುವುದು ಚಿತ್ರದ ಸುತ್ತಲಿನ ಗಡಿರೇಖೆಯಿಂದ. ಫೋಟೋದ ಅಂಚಿನಲ್ಲಿ ಖಾಲಿ ಜಾಗ ಉಳಿದಿದ್ದರೆ ಕಾಳು ಮೊರಕ್ಕೆ ಇನ್ನೂ ಬೆರಳಷ್ಟು ದೂರವಿರುವಾಗಲೇ ಮಾಯವಾಗಬಹುದು. ಚಿತ್ರವನ್ನು ಅಂಚಿನವರೆಗೆ ಕತ್ತರಿಸುವುದು, ಇಲ್ಲವೇ ಗಡಿರೇಖೆಯನ್ನು ಕೈಯಿಂದ ಎಳೆದು ಸರಿಪಡಿಸುವುದು ಇದಕ್ಕೆ ಪರಿಹಾರ.

ಸಿದ್ಧ ನಡವಳಿಕೆಗಳೆಂದು ಕರೆಯಬಹುದಾದ ಸೌಲಭ್ಯವೂ ಇದರಲ್ಲಿದೆ. ಪರದೆಯಿಂದಾಚೆ ಹೋದದ್ದನ್ನು ತಾನಾಗಿ ಅಳಿಸುವುದು, ಬೆರಳಿನಿಂದ ಎಳೆದಾಡುವುದು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಿಗಿಯುವುದು ಮುಂತಾದವನ್ನು ಒಂದು ವಸ್ತುವಿಗೆ ಅಂಟಿಸಿಬಿಟ್ಟರೆ ಅದಕ್ಕಾಗಿ ಬೇರೆ ಸಾಲು ಬರೆಯಬೇಕಾಗಿಲ್ಲ. ಕಂಪ್ಯೂಟರು ಮತ್ತು ಫೋನು ಒಂದೇ ವೈಫೈಯಲ್ಲಿದ್ದರೆ ಆಟವನ್ನು ಫೋನಿನ ಬ್ರೌಸರಿನಲ್ಲಿ ಆಡಿ ಪರೀಕ್ಷಿಸಬಹುದು. ಮೌಸಿನಿಂದ ಸರಿಸುವಾಗ ಹಗುರವೆನಿಸಿದ ಆಟ ಹೆಬ್ಬೆರಳಿಗೆ ಕಷ್ಟವಾಗುವುದನ್ನು ಕಂಡುಕೊಳ್ಳಲು ಇದು ಬೇಕೇ ಬೇಕು. ಹೆಬ್ಬೆರಳು ಮೊರದ ಮೇಲೆಯೇ ಕೂತರೆ ಬೀಳುವ ಕಾಳು ಕಾಣುವುದಿಲ್ಲ, ಮೊರವನ್ನು ಸ್ವಲ್ಪ ಮೇಲಕ್ಕೆ ಇಡಬೇಕಾಗುತ್ತದೆ.

ಕನ್‌ಸ್ಟ್ರಕ್ಟ್ 3 ಕೂಡ ಇದೇ ಷರತ್ತು ಮತ್ತು ಕೆಲಸದ ಪದ್ಧತಿಯದು. ಲಂಡನ್ನಿನ ಸ್ಕಿರ್ರಾ ಸಂಸ್ಥೆಯದು, ಪೂರ್ತಿ ಬ್ರೌಸರಿನಲ್ಲೇ ನಡೆಯುತ್ತದೆ. ಅಚ್ಚುಕಟ್ಟುತನದಲ್ಲಿ, ಸಹಾಯದ ಪುಟಗಳ ಗುಣಮಟ್ಟದಲ್ಲಿ ಇದು ಜಿಡೆವಲಪ್‌ಗಿಂತ ಒಂದು ಕೈ ಮೇಲೆಂದೇ ಹೇಳಬೇಕು. ಆದರೆ ಉಚಿತ ಆವೃತ್ತಿಯಲ್ಲಿ ಬರೆಯಬಹುದಾದ ಸಾಲುಗಳಿಗೆ ಮಿತಿಯಿದೆ, ಅದನ್ನು ಮೀರಬೇಕಾದರೆ ಚಂದಾ ಕಟ್ಟಬೇಕು. ಗೇಮ್‌ನಿಂದ ಒಂದು ರೂಪಾಯಿಯೂ ಹುಟ್ಟದ ಹಂತದಲ್ಲಿ ಅದರ ಉಪಕರಣಕ್ಕೆ ಬಾಡಿಗೆ ಕಟ್ಟುತ್ತ ಕೂರುವುದು ನನ್ನ ಲೆಕ್ಕದ ಬುದ್ಧಿಗೆ ಒಗ್ಗಲಿಲ್ಲ. ಮಂಡಕ್ಕಿ ಆಟದಂಥ ಸಣ್ಣದಕ್ಕೆ ಉಚಿತ ಮಿತಿ ಸಾಕಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.

ನಾಲ್ಕನೆಯದು ಗೇಮ್‌ಮೇಕರ್. ನೆದರ್ಲೆಂಡ್ಸ್‌ನ ಪ್ರಾಧ್ಯಾಪಕ ಮಾರ್ಕ್ ಓವರ್‌ಮಾರ್ಸ್ 1999ರಲ್ಲಿ ಹುಟ್ಟುಹಾಕಿದ್ದು, ಈಗ ಒಪೇರಾ ಸಂಸ್ಥೆಯ ಒಡೆತನದಲ್ಲಿದೆ. 2015ರಲ್ಲಿ ಬಂದು ಜಗತ್ತಿನಾದ್ಯಂತ ಹೆಸರು ಮಾಡಿದ ಅಂಡರ್‌ಟೇಲ್ ಇದರಲ್ಲೇ ತಯಾರಾದ ಆಟ. 2023ರ ನವೆಂಬರಿನಿಂದ ಹಣ ಗಳಿಸುವ ಉದ್ದೇಶವಿಲ್ಲದವರಿಗೆ ಉಚಿತವಾಗಿದೆ. ಎಳೆದು ಜೋಡಿಸುವ ಪದ್ಧತಿ ಮತ್ತು ಕೋಡ್ ಬರೆಯುವ ಪದ್ಧತಿ ಎರಡೂ ಇವೆ, ಆದರೆ ಪಾಠಗಳು, ಉದಾಹರಣೆಗಳು, ಕೇಳಿದ ಪ್ರಶ್ನೆಗೆ ಸಿಗುವ ಉತ್ತರಗಳು ಹೆಚ್ಚಿನವು ಕೋಡಿನಲ್ಲೇ ಇರುವುದರಿಂದ, ಎಳೆದು ಜೋಡಿಸುತ್ತ ಹೋದವನು ಬೇಗನೆ ಒಂಟಿಯಾಗುತ್ತಾನೆ. ಸ್ವಲ್ಪ ಕೋಡ್ ಕಲಿಯಲು ಮನಸ್ಸಿರುವವರಿಗೆ ಇದು ತಕ್ಕುದು.

ನನಗೆ ಗೇಮ್‌ಮೇಕರ್ ಕಷ್ಟವಾದದ್ದು ಕೋಡಿನಿಂದಲ್ಲ, ಕನ್ನಡದಿಂದ. ಯಾವ ಹೋಲಿಕೆಯಲ್ಲೂ ಈ ವಿಷಯ ಕಾಣದಿರುವುದರಿಂದ ಬಿಡಿಸಿ ಬರೆಯುತ್ತೇನೆ. ಈ ಸಾಫ್ಟ್‌ವೇರ್ ಅಕ್ಷರಶೈಲಿಯಿಂದ ಬೇಕಾದ ಅಕ್ಷರಗಳನ್ನು ಮೊದಲೇ ಚಿತ್ರಗಳನ್ನಾಗಿ ತೆಗೆದಿಟ್ಟುಕೊಂಡು, ಆಟದ ಹೊತ್ತಿನಲ್ಲಿ ಅವನ್ನು ಒಂದರ ಪಕ್ಕ ಒಂದರಂತೆ ಇಡುತ್ತದೆ. ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು 3200ರಿಂದ 3327ರವರೆಗೆ. ಅಷ್ಟನ್ನೂ ಸೇರಿಸಿಕೊಳ್ಳುವಂತೆ ಹೇಳಿದರೆ ಅಕ್ಷರಗಳೇನೋ ಬರುತ್ತವೆ. ಆದರೆ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಖ್ಯೆಯೇ ಇಲ್ಲ, ಅವು ಎರಡು ವ್ಯಂಜನಗಳು ನಡುವೆ ಅರ್ಧಾಕ್ಷರದ ಚಿಹ್ನೆಯೊಂದಿಗೆ ಸೇರಿದಾಗ ಅಕ್ಷರಶೈಲಿಯೊಳಗಿನ ನಿಯಮದಿಂದ ಮೂಡುವಂಥವು. ಆ ನಿಯಮವನ್ನು ಓದುವ ವ್ಯವಸ್ಥೆ ನಾನು ಬಳಸಿದ ಆವೃತ್ತಿಯಲ್ಲಿ ಇರಲಿಲ್ಲ. ಹೀಗಾಗಿ ಮಂಡಕ್ಕಿ ಎಂಬ ಪದದಲ್ಲಿ ಕಕಾರದ ಕೆಳಗೆ ಕೂರಬೇಕಾದ ಒತ್ತು ಬಿಡಿಯಾಗಿ ಪಕ್ಕಕ್ಕೆ ಬಂದು ನಿಂತು, ಆಟದ ಹೆಸರೇ ಓದಲಾಗದಂತಾಯಿತು. ಪ್ರತಿ ಪದವನ್ನೂ ಚಿತ್ರವಾಗಿ ಬರೆದು ಸೇರಿಸಿದರೆ ಇದನ್ನು ದಾಟಬಹುದು. ನಾಲ್ಕು ಪದಗಳ ಆಟಕ್ಕೆ ಅದು ಸಾಧ್ಯ, ಕಥೆಯಿರುವ ಆಟಕ್ಕೆ ಅಸಾಧ್ಯವೆಂದೇ ಹೇಳಬೇಕು.

ಸ್ಕ್ರ್ಯಾಚ್, ಜಿಡೆವಲಪ್, ಕನ್‌ಸ್ಟ್ರಕ್ಟ್ ಮೂರೂ ಅಕ್ಷರ ಬಿಡಿಸುವ ಕೆಲಸವನ್ನು ಬ್ರೌಸರಿನ ತಂತ್ರಜ್ಞಾನಕ್ಕೆ ಬಿಟ್ಟಿರುವುದರಿಂದ ಅವುಗಳಲ್ಲಿ ಕನ್ನಡ ಸರಿಯಾಗಿಯೇ ಬರುತ್ತದೆ. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಮುಂತಾದ ಉಚಿತ ಅಕ್ಷರಶೈಲಿಗಳನ್ನು ಜಿಡೆವಲಪ್ ಆಟದೊಳಗೇ ಸೇರಿಸಿಬಿಟ್ಟರೆ ಎಲ್ಲ ಫೋನಿನಲ್ಲೂ ಒಂದೇ ರೀತಿ ಕಾಣುತ್ತದೆ. ಅಲ್ಲಿಯೂ ಒಂದು ಕಡೆ ಎಚ್ಚರ ಬೇಕು. ಮಾತುಗಳು ಒಂದೊಂದೇ ಅಕ್ಷರವಾಗಿ ಮೂಡುವಂತೆ ಮಾಡುವುದು ಕಥೆಯ ಆಟಗಳಲ್ಲಿ ರೂಢಿ. ಇಂಗ್ಲಿಷಿಗೆ ಹೊಂದುವ ಈ ತಂತ್ರವನ್ನು ಕನ್ನಡಕ್ಕೆ ಹಚ್ಚಿದರೆ ಮೊದಲು ಕ, ಆಮೇಲೆ ಕ್, ಆಮೇಲೆ ಕ್ಷ ಎಂದು ಅಕ್ಷರ ಕಣ್ಣೆದುರೇ ರೂಪ ಬದಲಿಸುತ್ತ ಕುಣಿಯುತ್ತದೆ. ಪದಪದವಾಗಿ ಮೂಡಿಸುವುದೇ ಲೇಸು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಆರ್‌ಪಿಜಿ ಮೇಕರ್, ಪಾತ್ರವೊಂದನ್ನು ವಹಿಸಿಕೊಂಡು ಕಥೆಯೊಳಗೆ ಸಾಗುವ ಆರ್‌ಪಿಜಿ ಮಾದರಿಯ ಆಟಗಳಿಗೆ ಹೊಂದಿದ್ದು, ಮಂಡಕ್ಕಿ ಹಿಡಿಯುವ ಆಟಕ್ಕೆ ಹೇಳಿದ್ದಲ್ಲ. ಚಿತ್ರವೇ ಬೇಡ, ಓದುತ್ತ ದಾರಿ ಆರಿಸಿಕೊಳ್ಳುವ ಕಥೆ ಸಾಕು ಎನ್ನುವವರಿಗೆ ಟ್ವೈನ್ ಇದೆ. ಅದರಿಂದ ಹೊರಬರುವುದು ಸಾಮಾನ್ಯ ವೆಬ್ ಪುಟವಾದ್ದರಿಂದ ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ, ದುರ್ಗದ ಕಥೆಗಳನ್ನು ಬಲ್ಲವರು ಇದನ್ನು ಕೈಗೆತ್ತಿಕೊಳ್ಳಬೇಕು. ಎಂಜಿನಿಯರಿಂಗ್ ಓದುವ ಅಕ್ಕನ ಮಗ ಪದೇ ಪದೇ ಹೇಳುವುದು ಗೋಡೊ ಬಗ್ಗೆ: "ಮಾಮ, ಹೇಗೂ ಇಷ್ಟು ಕಲಿತಿದ್ದೀರಿ, ಅದನ್ನೇ ಕಲಿತುಬಿಡಿ." ಗೋಡೊ ಪೂರ್ತಿ ಉಚಿತ, ನನ್ನ ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ, ನಾಲ್ಕನೇ ಆವೃತ್ತಿಯಿಂದ ಒತ್ತಕ್ಷರಗಳೂ ಸರಿಯಾಗಿ ಮೂಡುತ್ತವೆ. ಆದರೆ ಅದೇ ನಾಲ್ಕನೇ ಆವೃತ್ತಿ 2023ರಲ್ಲಿ ಬಂದಾಗ ಕೋಡ್ ಇಲ್ಲದೆ ಜೋಡಿಸುವ ಪದ್ಧತಿಯನ್ನು ಕೈಬಿಡಲಾಯಿತು. ಅಲ್ಲಿ ಕೋಡ್ ಬರೆಯಲೇಬೇಕು.

ಹಾಗೆ ನೋಡಿದರೆ ಕೋಡ್ ಇಲ್ಲ ಎಂಬ ಮಾತನ್ನೂ ಸ್ವಲ್ಪ ಕಡಿತ ಮಾಡಿಯೇ ತೆಗೆದುಕೊಳ್ಳಬೇಕು. ಜಿಡೆವಲಪ್‌ನಲ್ಲಿ ಅಂಕವನ್ನು ಪರದೆಯ ಮೇಲೆ ತೋರಿಸಲು ಉದ್ಧರಣ ಚಿಹ್ನೆಯೊಳಗೆ ಪದ ಬರೆದು, ಕೂಡು ಚಿಹ್ನೆ ಹಾಕಿ, ಅಂಕ ಇಟ್ಟುಕೊಂಡ ವೇರಿಯೇಬಲಿನ ಹೆಸರನ್ನು ಸೇರಿಸಬೇಕು. ಒಂದು ಚಿಹ್ನೆ ಬಿಟ್ಟರೂ ಸಾಲು ಕೆಂಪಾಗುತ್ತದೆ. ಕಾಲ ಕಳೆದಂತೆ ಮಂಡಕ್ಕಿ ಬೀಳುವ ವೇಗ ಹೆಚ್ಚಬೇಕು, ಆದರೆ ಹಿಡಿಯಲಾಗದಷ್ಟು ಹೆಚ್ಚಬಾರದು ಎಂಬುದನ್ನು ಯಾವ ಸಾಫ್ಟ್‌ವೇರೂ ನಮ್ಮ ಪರವಾಗಿ ಯೋಚಿಸುವುದಿಲ್ಲ. ಬರೆಯುವ ಶ್ರಮವನ್ನು ಇವು ಉಳಿಸುತ್ತವೆ, ಲೆಕ್ಕ ಹಾಕುವ ಶ್ರಮ ಹಾಗೆಯೇ ಇರುತ್ತದೆ.

ಕೇಳುವವರಿಗೆ ನಾನು ಹೇಳುವುದು ಇಷ್ಟು: ಸ್ಕ್ರ್ಯಾಚ್‌ನಲ್ಲಿ ಒಂದು ಆಟ ಪೂರ್ತಿ ಮಾಡಿ ಮುಗಿಸಿ, ಎರಡನೆಯದನ್ನು ಜಿಡೆವಲಪ್‌ನಲ್ಲಿ ಶುರುಮಾಡಿ. ಆಟವನ್ನು ಬೇರೆಯವರಿಗೆ ಮುಟ್ಟಿಸಲು ಮೊದಲೇ ಪ್ಲೇ ಸ್ಟೋರ್ ಕಡೆ ಓಡಬೇಡಿ. ಅಲ್ಲಿ ಖಾತೆ ತೆರೆಯಲು ಒಂದು ಸಲಕ್ಕೆ 25 ಡಾಲರ್ ಕಟ್ಟಬೇಕು, ಅಲ್ಲದೆ ಹೊಸದಾಗಿ ವೈಯಕ್ತಿಕ ಖಾತೆ ತೆರೆಯುವವರು ಕನಿಷ್ಠ 12 ಮಂದಿಯಿಂದ ಸತತ 14 ದಿನ ಆಟವನ್ನು ಪರೀಕ್ಷೆಗೆ ಒಳಪಡಿಸಿದ ಮೇಲಷ್ಟೇ ಅದನ್ನು ಎಲ್ಲರಿಗೂ ಬಿಡುಗಡೆ ಮಾಡಲು ಅರ್ಜಿ ಹಾಕಬಹುದು. ಅದರ ಬದಲು ಜಿಡೆವಲಪ್‌ನಿಂದ ವೆಬ್ ರೂಪದಲ್ಲಿ ಆಟವನ್ನು ಹೊರತೆಗೆದು, ಜಿಪ್ ಮಾಡಿ, ಆಟಗಳನ್ನು ಹಂಚಿಕೊಳ್ಳುವ ಇಚ್.ಐಓ (itch.io) ತಾಣಕ್ಕೆ ಏರಿಸಿದರೆ ಖರ್ಚಿಲ್ಲದೆ ಒಂದು ಕೊಂಡಿ ಸಿಗುತ್ತದೆ. ಜಿಪ್ ಮಾಡುವಾಗ ಇಂಡೆಕ್ಸ್ ಎಂಬ ಹೆಸರಿನ ಕಡತ ಒಳಗಿನ ಫೋಲ್ಡರಿನಲ್ಲಿ ಹುದುಗಿರದೆ ಹೊರಗೇ ಇರುವಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ತಾಣಕ್ಕೆ ಆಟ ಸಿಗುವುದಿಲ್ಲ. ನನ್ನ ಮಂಡಕ್ಕಿ ಆಟ ಸದ್ಯಕ್ಕೆ ಆ ಕೊಂಡಿಯ ಮೂಲಕವೇ ಮಂಡಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದೆ, ಹರಳು ವಿಪರೀತ ಬೀಳುತ್ತದೆ ಎಂಬ ದೂರು ಬಂದಿರುವುದರಿಂದ ಈ ವಾರ ಅದನ್ನು ಕಡಿಮೆ ಮಾಡಬೇಕಾಗಿದೆ.