ಟ್ಯಾಂಕರ್ ನೀರಿನಲ್ಲಿ ಇಲ್ಲದ ಅಮೋನಿಯಾ

ನೀರು ಸೋಸುವ ಜಿಯೋಲೈಟ್ ಕಲ್ಲನ್ನು ಮಾರಲು ಬರುವವರೆಲ್ಲ ಅದು ಏನೇನು ಹಿಡಿಯುತ್ತದೆ ಎಂದು ಹೇಳುತ್ತಾರೆ. ಹಿಡಿದದ್ದನ್ನು ಯಾವಾಗ ಬಿಟ್ಟುಬಿಡುತ್ತದೆ ಎಂದು ಯಾರೂ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ.

ನಾನು ಬೆಂಗಳೂರಿನ ಹೊರಗಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಯುಟಿಲಿಟಿ ನೋಡಿಕೊಳ್ಳುತ್ತೇನೆ. ಬಾಯ್ಲರ್, ಕಂಪ್ರೆಸರ್, ಡೀಸೆಲ್ ಜನರೇಟರ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ, ಕುಡಿಯುವ ನೀರು ಎಲ್ಲವೂ ನಮ್ಮ ತಲೆಗೇ. ಒಂದು ಮಷಿನ್ ನಿಂತರೆ ಒಬ್ಬ ಟೈಲರ್ ಗೊಣಗುತ್ತಾಳೆ. ನೀರು ಕೆಟ್ಟರೆ ಇಡೀ ಫ್ಲೋರ್ ಎದ್ದು ಬರುತ್ತದೆ.

ನಮ್ಮ ಬೋರ್‌ವೆಲ್ ಇರುವುದು ಕೆರೆ ಪಕ್ಕದಲ್ಲಿ. ಇಲ್ಲಿ ಕೆರೆ ಎಂದರೆ ಈಗ ಅದಕ್ಕೆ ಏನು ಸೇರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ, ಅಲ್ವಾ. ನೀರು ನೋಡಲು ತಿಳಿ, ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಕೂಡ ಮಿತಿಯೊಳಗೆ. ಆದರೆ ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ದಾಟುತ್ತಿತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಅದು 0.5 ದಾಟಬಾರದು. ಅಮೋನಿಯಾ ಇದ್ದರೆ ಹೈಪೋ, ಅಂದರೆ ಕ್ರಿಮಿ ಕೊಲ್ಲಲು ಹಾಕುವ ಕ್ಲೋರಿನ್ ದ್ರಾವಣ, ನಿಲ್ಲುವುದಿಲ್ಲ. ಒಂದು ಪಾಲು ಅಮೋನಿಯಾ ಕಳೆಯಲು ಎಂಟರಿಂದ ಹತ್ತು ಪಾಲು ಕ್ಲೋರಿನ್ ಬೇಕು. ಅಷ್ಟು ಸುರಿದ ನೀರನ್ನು ಯಾರು ಕುಡಿಯುತ್ತಾರೆ? ಆರ್‌ಒ ಕೇಳಿದೆ. "ಟಿಡಿಎಸ್ ಕಡಿಮೆ ಇದೆಯಲ್ಲ, ಮತ್ಯಾಕೆ ಆರ್‌ಒ?" ಎಂದು ಪರ್ಚೇಸ್‌ನವರು ಇಂಡೆಂಟ್ ವಾಪಸ್ ಕಳಿಸಿದರು.

ಆಗ ಬಂದದ್ದು ಈ ಜಿಯೋಲೈಟ್. ವೆಂಡರ್ ಪಿಪಿಟಿ ಭರ್ಜರಿಯಾಗಿತ್ತು. ಗ್ವಾಟೆಮಾಲಾದ ಟಿಕಾಲ್‌ನಲ್ಲಿ ಮಾಯಾ ಜನ ಎರಡು ಸಾವಿರ ವರ್ಷದ ಹಿಂದೆಯೇ ಇದರಲ್ಲಿ ನೀರು ಸೋಸುತ್ತಿದ್ದರು, ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ವಿಕಿರಣ ಸೂಸುವ ಸೀಸಿಯಂ ಹಿಡಿಯಲು ಇದನ್ನೇ ಬಳಸಿದರು ಎಂದೆಲ್ಲ ಇತ್ತು. ಸುಳ್ಳೇನೂ ಅಲ್ಲ. ಟಿಕಾಲ್‌ನ ಕೆರೆಯ ಮಣ್ಣಿನಲ್ಲಿ ಜಿಯೋಲೈಟ್ ಸಿಕ್ಕಿದ್ದನ್ನು ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ್ದಾರೆ. ಆದರೆ ಮಾಯಾ ಜನರ ಹೆಸರು ಹೇಳಿ ವರ್ಷದ ನಿರ್ವಹಣೆ ಗುತ್ತಿಗೆ (ಎಎಂಸಿ) ಬರೆಸಿಕೊಳ್ಳುವವರನ್ನು ನಾನು ನೋಡಿದ್ದು ಅದೇ ಮೊದಲು.

ಕಲ್ಲಿನ ಹೆಸರು ಕ್ಲಿನೋಪ್ಟಿಲೋಲೈಟ್. ಅದರೊಳಗೆ ಕಣ್ಣಿಗೆ ಕಾಣದ ಸಣ್ಣ ಗೂಡುಗಳಿರುತ್ತವೆ. ಗೂಡಿನ ಗೋಡೆಗೆ ಋಣ ಚಾರ್ಜು, ಹಾಗಾಗಿ ಒಳಗೆ ಧನ ಚಾರ್ಜಿನ ಅಯಾನುಗಳು ಕೂರುತ್ತವೆ. ಬಿಎಂಟಿಸಿ ಬಸ್ಸಿನ ಸೀಟು ಎಂದುಕೊಳ್ಳಿ. ಸೀಟು ಯಾವತ್ತೂ ಖಾಲಿ ಇರುವುದಿಲ್ಲ, ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಾರೆ ಅಷ್ಟೆ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಿಂತ ಅಮೋನಿಯಂಗೆ (ನೀರಿನಲ್ಲಿ ಅಮೋನಿಯಾ ಬಹುಪಾಲು ಇರುವುದು ಈ ರೂಪದಲ್ಲೇ) ಇಲ್ಲಿ ಮರ್ಯಾದೆ ಜಾಸ್ತಿ. ಅದಕ್ಕೇ ನಮಗೆ ಈ ಕಲ್ಲು ಬೇಕಾದದ್ದು.

ಹಳೇ ಮರಳು ತೆಗೆದು ಅದೇ ಫೈಬರ್ ಫಿಲ್ಟರ್ ಟ್ಯಾಂಕಿಗೆ (ವೆಸೆಲ್) ಜಿಯೋಲೈಟ್ ತುಂಬಿದೆವು. ಕೆಳಗಿನಿಂದ ನೀರು ಬಿಟ್ಟು ತೊಳೆಯುವ ಮೊದಲ ಬ್ಯಾಕ್‌ವಾಶ್‌ನಲ್ಲೇ ಒಂದಷ್ಟು ಮೀಡಿಯಾ, ಅಂದರೆ ತುಂಬಿದ ಕಲ್ಲು, ಚರಂಡಿ ಸೇರಿತು. ಮರಳಿಗಿಂತ ಹಗುರ ಅದು, ಮರಳಿಗೆ ಬಿಡುತ್ತಿದ್ದ ಫ್ಲೋನಲ್ಲೇ ಬಿಟ್ಟರೆ ತೇಲಿ ಹೋಗದೆ ಇರುತ್ತದೆಯೇ? ವಾಲ್ವ್ ತಗ್ಗಿಸಿದ ಮೇಲೆ ಸರಿಹೋಯಿತು. ಹೊಸ ಮೀಡಿಯಾದ ಬೂದಿಯಂಥ ಪುಡಿ ಹೋಗುವವರೆಗೂ ಮುಂದಿನ ಕಾರ್ಟ್ರಿಡ್ಜ್‌ಗಳು ಕಟ್ಟಿಕೊಂಡವು. ಅದನ್ನೂ ದಾಟಿದೆವು. ಆಮೇಲೆ ಔಟ್‌ಲೆಟ್‌ನಲ್ಲಿ ಅಮೋನಿಯಾ ಕಿಟ್ ಬಣ್ಣವೇ ತೋರಿಸಲಿಲ್ಲ. ಹೈಪೋ ಡೋಸ್ ಕಾಲುಭಾಗಕ್ಕೆ ಇಳಿಯಿತು. ಟರ್ಬಿಡಿಟಿ (ನೀರಿನ ಕದಡು) ಮರಳಿನ ಕಾಲಕ್ಕಿಂತ ಚೆನ್ನಾಗಿ ಬಂತು. ಜಿಎಂ ಸಾಹೇಬರು ಮೀಟಿಂಗಿನಲ್ಲಿ ಹೊಗಳಿದರು. ನನಗೂ ಒಳಗೊಳಗೆ ಖುಷಿ.

ಕಲ್ಲಿನ ಬೆಡ್ಡಿನ ಸೀಟೆಲ್ಲ ಅಮೋನಿಯಂನಿಂದ ತುಂಬಿದಾಗ ಉಪ್ಪುನೀರು ಬಿಟ್ಟು ಅದನ್ನು ಎಬ್ಬಿಸಬೇಕು, ಅದೇ ರೀಜನರೇಶನ್. ಉಪ್ಪಿನ ಇಂಡೆಂಟ್ ಪರ್ಚೇಸ್‌ನಲ್ಲಿ ಮಲಗಿತ್ತು. ಔಟ್‌ಲೆಟ್‌ನಲ್ಲಿ ಅಮೋನಿಯಾ ಇನ್ನೂ ನಿಲ್, ಇನ್ನೊಂದು ವಾರ ನಡೆಯುತ್ತದೆ ಬಿಡು ಎಂದುಕೊಂಡೆ.

ಅಷ್ಟರಲ್ಲಿ ಬೋರ್ ಮೋಟರ್ ಸುಟ್ಟಿತು, ಅದೂ ಬೈಯರ್ ಆಡಿಟ್ ಇದ್ದ ವಾರದಲ್ಲೇ. ಟ್ಯಾಂಕರ್ ತರಿಸಿದೆವು. ಟಿಡಿಎಸ್ 1200ರ ಹತ್ತಿರ, ಗಡುಸು ನೀರು. ಎರಡೇ ದಿನ ತಾನೇ, ನಡೆಯುತ್ತದೆ ಎಂದು ನೆಲದಡಿಯ ಸಂಪ್ ತೊಟ್ಟಿಗೆ ಬಿಡಿಸಿದೆ.

ಮರುದಿನ ಬೆಳಿಗ್ಗೆ ಬಾಗಲಕೋಟೆ ಕಡೆಯ ನಮ್ಮ ಆಪರೇಟರ್ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಹಿಡಿದು ಬಂದ. "ಹೈಪೋ ಎಷ್ಟ್ ಹಾಕಿದ್ರೂ ನಿಲ್ಲವಲ್ದ್ರೀ ಸರ್" ಎಂದ. ಕ್ಲೋರಿನ್ ಇದ್ದರೆ ಹಳದಿಯಾಗುವ ಓಟಿ ದ್ರಾವಣ ಹಾಕಿ ನೋಡಿದೆ. ಮೊದಲು ಏನೂ ಇಲ್ಲ, ಆಮೇಲೆ ನಿಧಾನವಾಗಿ ಹಳದಿ ಬಂತು. "ಬಂತಲ್ಲಪ್ಪ, 0.5 ಇದೆ" ಎಂದು ಲಾಗ್‌ಬುಕ್‌ನಲ್ಲಿ ಬರೆದೆ. ಅಲ್ಲೇ ಎಡವಿದ್ದು. ಫ್ರೀ ಕ್ಲೋರಿನ್, ಅಂದರೆ ಯಾವುದಕ್ಕೂ ಸೇರದೆ ಉಳಿದದ್ದು, ಇದ್ದರೆ ಓಟಿ ಹಾಕಿದ ತಕ್ಷಣ ಹಳದಿ ಬರಬೇಕು. ನಿಧಾನಕ್ಕೆ ಬರುವ ಹಳದಿ ಅಮೋನಿಯಾ ಜೊತೆ ಸೇರಿಹೋದ ಕ್ಲೋರಿನ್‌ನದು. ಆಪರೇಟರ್‌ಗೆ ಕಂಡದ್ದು ಸರಿಯಾಗಿಯೇ ಇತ್ತು. ನಾನು ಹಳದಿ ಬರುವವರೆಗೂ ಕಾದು ಕೂತು, ಬಂದ ಮೇಲೆ ಓದಿದ್ದೆ.

ಹನ್ನೊಂದರ ಹೊತ್ತಿಗೆ ಕ್ಯಾಂಟೀನಿನಿಂದ ಫೋನ್ ಬಂತು, ನೀರು ವಾಸನೆ ಎಂದು. ಡೋಸಿಂಗ್ ಪಂಪಿನ ಸ್ಟ್ರೋಕ್ ಏರಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಹಳದಿ ಇನ್ನೂ ತೆಳುವಾಗಿದೆ! ಹೈಪೋ ಹಳೆಯದಾಗಿರಬೇಕು, ಬಿಸಿಲಿಗೆ ಸತ್ವ ಹೋಗಿರಬೇಕು ಎಂದು ಹೊಸ ಕ್ಯಾನ್ ಹಾಕಿಸಿದೆ. ಹಳದಿ ಮತ್ತೂ ಇಳಿಯಿತು, ವಾಸನೆ ಮಾತ್ರ ಏರಿತು. ಡೋಸ್ ಜಾಸ್ತಿ ಮಾಡಿದಷ್ಟೂ ರೆಸಿಡ್ಯುಯಲ್ (ಉಳಿಯುವ ಕ್ಲೋರಿನ್) ಕಡಿಮೆಯಾಗುವುದು ಬ್ರೇಕ್‌ಪಾಯಿಂಟ್‌ಗೆ, ಅಂದರೆ ಅಮೋನಿಯಾ ಪೂರ್ತಿ ಕಳೆಯುವ ಹಂತಕ್ಕೆ, ಮುಂಚಿನ ಇಳಿಜಾರು. ಟ್ರೇನಿಂಗಿನಲ್ಲಿ ಆ ಗ್ರಾಫನ್ನು ಕೈಯಾರೆ ಬರೆದವನು ನಾನು. ಆದರೆ ಪಂಪ್ ರೂಮಿನಲ್ಲಿ ಎಚ್‌ಆರ್ ಮೇಡಂ ಫೋನ್ ಬಡಿದುಕೊಳ್ಳುತ್ತಿರುವಾಗ ಯಾವ ಗ್ರಾಫ್ ನೆನಪಿಗೆ ಬರುತ್ತದೆ?

ಹನ್ನೆರಡೂವರೆಗೆ ಊಟದ ಬೆಲ್. ಅದಕ್ಕೆ ಹತ್ತು ನಿಮಿಷ ಇರುವಾಗ ಕುಡಿಯುವ ನೀರಿನ ನಲ್ಲಿಗಳನ್ನೆಲ್ಲ ಬಂದ್ ಮಾಡಿಸಿದೆ. ಇಪ್ಪತ್ತು ಲೀಟರ್ ಕ್ಯಾನ್‌ಗಳಿಗೆ ಹೇಳಿದೆ. ಕ್ಯಾನ್ ಬರುವ ಮೊದಲೇ ಹೆಣ್ಣುಮಕ್ಕಳು ಬಾಟಲಿ ಹಿಡಿದು ಸಾಲು ನಿಂತಿದ್ದರು. "ಅಣ್ಣಾ, ನೀರಿಗೆ ಏನಾಯ್ತು?" ಎಂದು ಒಬ್ಬಳು ಕೇಳಿದಳು. ಕ್ಲೀನಿಂಗ್ ನಡೀತಿದೆಯಮ್ಮ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಟ್ಯಾಂಕರ್ ಮಾಲೀಕನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಯಾವ ಚರಂಡಿಯಿಂದ ತುಂಬಿಸಿದೆ ಎಂದು ಕೇಳಿದೆ. ಅವನು ಸ್ಕೂಟರ್ ಹತ್ತಿ ಬಂದೇಬಿಟ್ಟ. "ನನ್ ನೀರಲ್ಲಿ ಏನಿದೆ ತೋರ್ಸಿ ಸಾರ್" ಎಂದ. ತೋರಿಸುತ್ತೇನೆ ಬಾ ಎಂದು ಸಂಪಿನಿಂದ ಒಂದು ಸ್ಯಾಂಪಲ್, ವೆಸೆಲ್ ಔಟ್‌ಲೆಟ್‌ನಿಂದ ಒಂದು ಸ್ಯಾಂಪಲ್ ತೆಗೆದು ಎರಡಕ್ಕೂ ಅಮೋನಿಯಾ ಇದ್ದರೆ ಹಳದಿಯಾಗುವ ನೆಸ್ಲರ್ ದ್ರಾವಣ ಹಾಕಿದೆ. ಟ್ಯಾಂಕರ್ ನೀರು ಬಣ್ಣ ತಿರುಗಲಿಲ್ಲ. ನಮ್ಮ ಫಿಲ್ಟರ್‌ನಿಂದ ಬಂದ ನೀರು ಗಾಢ ಹಳದಿಗೆ ತಿರುಗಿತು. ಟ್ಯೂಬ್ ಅದಲುಬದಲಾಯಿತೇನೋ ಎಂದು ಇನ್ನೊಮ್ಮೆ ಮಾಡಿದೆ. ಅದೇ. ಅವನು ಟ್ಯೂಬ್ ನೋಡಿದ, ನನ್ನ ಮುಖ ನೋಡಿದ. "ಬಾಕಿ ಬಿಲ್ ಇವತ್ತೇ ಪಾಸ್ ಮಾಡ್ಸಿ ಸಾರ್" ಎಂದು ಹೊರಟ. ಆ ಬಿಲ್ಲನ್ನು ನಾನೇ ಕೈಯಲ್ಲಿ ಹಿಡಿದು ಅಕೌಂಟ್ಸ್‌ಗೆ ಹೋದೆ.

ಆಗಿದ್ದು ಇಷ್ಟೇ. ತಿಂಗಳುಗಟ್ಟಲೆ ಅಮೋನಿಯಂ ಕೂತಿದ್ದ ಬೆಡ್ಡಿಗೆ ಅಮೋನಿಯಾವೇ ಇಲ್ಲದ, ಸೋಡಿಯಂ ಕ್ಯಾಲ್ಸಿಯಂ ತುಂಬಿದ ನೀರು ಬಿಟ್ಟೆವು. ಕೂತವರನ್ನು ಅವು ಎಬ್ಬಿಸಿದವು. ನಾವು ಉಪ್ಪು ಹಾಕಿ ಮಾಡಬೇಕಿದ್ದ ರೀಜನರೇಶನ್ನನ್ನು ಟ್ಯಾಂಕರ್ ನೀರು ಅರೆಬರೆ ಮಾಡಿತ್ತು. ವ್ಯತ್ಯಾಸ ಇಷ್ಟೇ, ಎದ್ದು ಬಂದದ್ದು ಡ್ರೈನಿಗೆ ಹೋಗುವ ಬದಲು ಕುಡಿಯುವ ಟ್ಯಾಂಕಿಗೆ ಹೋಗಿತ್ತು. ಅಮೆರಿಕದ ಎಷ್ಟೋ ನಗರಗಳು ಬೇಕೆಂದೇ ಕ್ಲೋರಮಿನ್ (ಕ್ಲೋರಿನ್, ಅಮೋನಿಯಾ ಸೇರಿ ಆಗುವುದು) ಬಳಸುತ್ತವೆ, ನಿಜ. ಅವರು ಅಳೆದು ಹಾಕುತ್ತಾರೆ. ನಮ್ಮದು ಯಾವ ಅಳತೆಯೂ ಇಲ್ಲದ್ದು.

ವೆಸೆಲ್ ಬೈಪಾಸ್ ಮಾಡಿ, ಟ್ಯಾಂಕ್ ಖಾಲಿ ಮಾಡಿ ತೊಳೆದೆವು. ಉಪ್ಪನ್ನು ನಾನೇ ಪೆಟ್ಟಿ ಕ್ಯಾಶ್‌ನಲ್ಲಿ ತರಿಸಿದೆ. ರೀಜನರೇಶನ್ ಆದ ಉಪ್ಪುನೀರು ಇನ್ನೊಂದು ತಲೆನೋವು. ಒಟ್ಟಿಗೆ ಎಸ್‌ಟಿಪಿಗೆ ಬಿಟ್ಟರೆ ಅಲ್ಲಿನ ಬ್ಯಾಕ್ಟೀರಿಯಾ ಕಲ್ಚರ್ ಏಟು ತಿನ್ನುತ್ತದೆ. ಡ್ರಮ್ಮಿನಲ್ಲಿ ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಬಿಡಬೇಕು. ಇದು ಯಾವ ಕೊಟೇಶನ್ನಿನಲ್ಲೂ ಇರಲಿಲ್ಲ.

ಆಡಿಟರ್ ಕ್ಯಾನ್ ನೀರು ಕುಡಿದು ಹೋದರು. ನೀರಿನ ಕಾಲಂನಲ್ಲಿ ಟಿಕ್ ಬಿತ್ತು. ಕ್ಯಾನ್ ಬಿಲ್ ಜಾಸ್ತಿ ಆಯಿತು ಎಂದು ಪರ್ಚೇಸ್‌ನಿಂದ ನನಗೆ ಮೇಲ್ ಬಂತು.

ಈಗ ಇನ್‌ಲೆಟ್ ಮತ್ತು ಔಟ್‌ಲೆಟ್ ಎರಡನ್ನೂ ದಿನಾ ಅಳೆಯುತ್ತೇವೆ. ನೀರಿನ ಮೂಲ ಬದಲಾದರೆ ಮೊದಲು ಬೈಪಾಸ್, ಆಮೇಲೆ ಮಾತು. ಓಟಿ ಬಿಟ್ಟು ಡಿಪಿಡಿ ಕಿಟ್ ತರಿಸಿದ್ದೇವೆ, ಅದು ಫ್ರೀ ಕ್ಲೋರಿನ್ ಬೇರೆ, ಟೋಟಲ್ ಬೇರೆ ತೋರಿಸುತ್ತದೆ. ಹೊಸ ಲೋಡ್ ಮೀಡಿಯಾ ಬಂದರೆ ಯಾವ ಖನಿಜ ಎಂದು ತೋರಿಸುವ ಎಕ್ಸ್‌ಆರ್‌ಡಿ ರಿಪೋರ್ಟ್ ಕೇಳುತ್ತೇನೆ. ಜಿಯೋಲೈಟ್ ಎಂದರೆ ಒಂದೇ ಕಲ್ಲಲ್ಲ, ಹತ್ತಾರು ಬಗೆ. ಅದರಲ್ಲೇ ಎರಿಯೋನೈಟ್ ಎಂಬ ನಾರಿನಂಥದ್ದು ಉಸಿರಿಗೆ ಸೇರಿ ಟರ್ಕಿಯ ಕಪ್ಪಡೋಕಿಯಾದ ಹಳ್ಳಿಗಳಲ್ಲಿ ಕ್ಯಾನ್ಸರ್ ತಂದಿದೆ. ಚೀಲದ ಮೇಲೆ ಸುಮ್ನೆ 'ನ್ಯಾಚುರಲ್' ಎಂದಿದ್ದರೆ ನನಗೆ ಸಮಾಧಾನವಿಲ್ಲ.

ಕಳೆದ ತಿಂಗಳು ಜಿಎಂ ಕರೆದರು. ಕೋಲಾರದ ಕಡೆ ನಮ್ಮ ಇನ್ನೊಂದು ಯೂನಿಟ್ ಇದೆ, ಅಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್. "ನಿಮ್ಮ ಕಲ್ಲನ್ನೇ ಅಲ್ಲೂ ಹಾಕಿಸಿಬಿಡ್ರೀ" ಎಂದರು. ಆಗಲ್ಲ ಸರ್, ಫ್ಲೋರೈಡ್ ಋಣ ಚಾರ್ಜಿನದು, ಈ ಕಲ್ಲಿನ ಗೋಡೆಯೂ ಋಣವೇ, ಹತ್ತಿರ ಸೇರಿಸುವುದಿಲ್ಲ, ಅದಕ್ಕೆ ಆಕ್ಟಿವೇಟೆಡ್ ಅಲ್ಯೂಮಿನಾ ಇಲ್ಲವೇ ಆರ್‌ಒ ಬೇಕು ಎಂದೆ. ಪಕ್ಕದಲ್ಲಿ ಕೂತಿದ್ದ ಪರ್ಚೇಸ್ ಮ್ಯಾನೇಜರ್ ಪೆನ್ ತೆಗೆದರು. "ಅಲ್ಯೂಮಿನಾದವರ ಹತ್ರ ಪಿಪಿಟಿ ಇದೆಯಾ?"